ತಮ್ಮನ ಗುಳಿಗೆ ಖರ್ಚು ಇಳಿಸಿದ ಬಗೆ

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೊಮ್ಮೆ ವಿಪರೀತ ಉಬ್ಬಿ, ಒಮ್ಮೊಮ್ಮೆ ತೀರಾ ಕುಸಿಯುವ ಮಾನಸಿಕ ಕಾಯಿಲೆ. ಗುಳಿಗೆ ಸರಿಯಾಗಿ ತಗೊಂಡರೆ ಗ್ಯಾರೇಜ್ ಕೆಲಸಕ್ಕೆ ಹೋಗಿ ಬರುತ್ತಾನೆ. ನಿಂತರೆ ಮನೆ ಮಂದಿಗೆಲ್ಲ ನಿದ್ದೆ ಇಲ್ಲ. ನಾನು ಹರಿಹರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇನ್ಶೂರೆನ್ಸ್ ನಮ್ಮಲ್ಲಿ ಯಾರಿಗೂ ಇಲ್ಲ. ಇದ್ದಿದ್ದರೂ ಈ ಖರ್ಚಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ ಬಿಡಿ. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ, ನಿಜ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದವರಿಗೆ ದುಡ್ಡು ಕೊಡುತ್ತವೆ, ತಿಂಗಳು ತಿಂಗಳು ನುಂಗುವ ಗುಳಿಗೆಗಲ್ಲ. ಆಯುಷ್ಮಾನ್ ಕಾರ್ಡಿನ ಕಥೆಯೂ ಹೆಚ್ಚುಕಡಿಮೆ ಅದೇ.

ಮೆಡಿಕಲ್ ಶಾಪಿನ ಬಿಲ್ಲು ತಿಂಗಳಿಗೆ 1,300 ರೂಪಾಯಿ ಹತ್ತಿರ ಬರುತ್ತಿತ್ತು. ಒಂದು ರಾತ್ರಿ ಅದನ್ನು ಮಷೀನಿನ ಮೇಲೆ ಹರಡಿ, ಅಳತೆ ಬರೆಯುವ ಪೆನ್ಸಿಲಿನಲ್ಲಿ ಒಂದೊಂದಕ್ಕೂ ಗುರುತು ಹಾಕಿದೆ. ಕಾಯಿಲೆಗೆ ಅಂತ ಇರುವ ಲಿಥಿಯಂ, ಓಲಾಂಜಪಿನ್ ಎರಡೂ ಸೇರಿ 500ರ ಆಸುಪಾಸು. ಉಳಿದಿದ್ದೆಲ್ಲ ಗ್ಯಾಸ್ಟ್ರಿಕ್ ಗುಳಿಗೆ ಮತ್ತು ಒಂದು ವಿಟಮಿನ್ ಕ್ಯಾಪ್ಸೂಲಿನದು! ಕಾಯಿಲೆಯ ಗುಳಿಗೆಗಿಂತ ಅದರ ಜೊತೆಗೆ ಬಂದವೇ ದುಬಾರಿ.

ಮುಂದಿನ ಸಲ ಆ ಬಿಲ್ಲನ್ನೇ ಡಾಕ್ಟರ ಮುಂದೆ ಇಟ್ಟೆ. "ಮೇಡಂ, ನಮ್ಮ ಕೈಲಿ ತಿಂಗಳಿಗೆ ಐನೂರು ಆಗುತ್ತೆ, ಅದರ ಮೇಲೆ ಕಷ್ಟ. ಇದರಲ್ಲಿ ಯಾವುದು ಇರಲೇಬೇಕು?" ಅಂತ ಕೇಳಿದೆ. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ವಿಟಮಿನ್ ಸಾಕಮ್ಮ. ಗ್ಯಾಸ್ಟ್ರಿಕ್‌ದು ಎದೆ ಉರಿ ಬಂದರೆ ನೋಡೋಣ. ಈ ಎರಡು ಮಾತ್ರ ಒಂದು ದಿನವೂ ತಪ್ಪಬಾರದು" ಅಂದರು. ಇದು ನನ್ನ ತಮ್ಮನಿಗೆ ಹೇಳಿದ ಮಾತು. ನಿಮ್ಮ ಚೀಟಿಯಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ದುಡ್ಡು ಉಳಿಸೋಕೆ ಅಂತ ಒಂದು ಗುಳಿಗೆ ಅರ್ಧ ಮಾಡುವುದು, ದಿನ ಬಿಟ್ಟು ದಿನ ಕೊಡುವುದು ಮಾತ್ರ ಬೇಡವೇ ಬೇಡ. ಲಿಥಿಯಂ ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳುವ ಸಾಧ್ಯತೆ ಜಾಸ್ತಿ.

ಅವತ್ತೇ ಇನ್ನೊಂದು ಕೇಳಿಕೊಂಡೆ. ಕಂಪನಿ ಹೆಸರು ಬೇಡ, ಔಷಧದ ಹೆಸರನ್ನೇ ಬರೆದುಕೊಡಿ ಅಂತ. ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಅಂಗಡಿಯವರು ಅದನ್ನೇ ಕೊಡುತ್ತಾರೆ. ಔಷಧದ ಹೆಸರಿದ್ದರೆ ಸರ್ಕಾರದ ಯೋಜನೆಯ, ಕಡಿಮೆ ಬೆಲೆಯ ಜನೌಷಧಿ ಅಂಗಡಿಯಲ್ಲಿ ಸಿಗುತ್ತದೆ. ನಮಗೆ ಓಲಾಂಜಪಿನ್ ಅರ್ಧಕ್ಕಿಂತ ಎಷ್ಟೋ ಕಡಿಮೆಗೆ ಬಂತು.

ತಮ್ಮ ಒಪ್ಪಬೇಕಲ್ಲ! ಹೊಸ ಗುಳಿಗೆ ನೋಡಿದವನೇ "ಅಕ್ಕಾ, ಇದು ಬೇರೆ, ಬಣ್ಣವೇ ಬೇರೆ" ಅಂತ ತಟ್ಟೆಯಲ್ಲೇ ಬಿಟ್ಟ. ಹಳೇ ಶೀಟು, ಹೊಸ ಶೀಟು ತಿರುಗಿಸಿ ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲಿ ಕಂಪನಿ ಹೆಸರು ದಪ್ಪಗೆ, ಔಷಧದ ಹೆಸರು ಕೆಳಗೆ ಸಣ್ಣಗೆ. ಹೊಸದರಲ್ಲಿ ಔಷಧದ ಹೆಸರಷ್ಟೇ. ಅವನೇ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ, ಎಷ್ಟು ಎಂಜಿ ಅಂತಾನೂ ನೋಡಿದ. ಆಮೇಲೆ ನುಂಗಿದ. ಮೊದಲೇ ಅನುಮಾನ ಕಾಡುವ ಕಾಯಿಲೆ ಇದ್ದವರಿಗೆ ಹೇಳದೆ ಗುಳಿಗೆ ಬದಲಿಸಬೇಡಿ.

ಲಿಥಿಯಂ ಈಗ ಸರ್ಕಾರಿ ಆಸ್ಪತ್ರೆಯಿಂದ ತರುತ್ತೇವೆ, ದುಡ್ಡಿಲ್ಲ. ಮೊದಲು ಹೇಳಿದ 2017ರ ಕಾಯ್ದೆಯ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಸಿಗಬೇಕು ಅನ್ನುವುದು ಬೇರೆ, ಕೌಂಟರಿನಲ್ಲಿ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅನ್ನುವುದು ಬೇರೆ. ನಮಗೂ ಹಾಗಾಗಿದೆ. ಆಗ ಜಗಳಕ್ಕೆ ನಿಲ್ಲದೆ ಜನೌಷಧಿಗೆ ಹೋಗುತ್ತೇನೆ. ಡಾಕ್ಟರು ಎಲ್ಲಿ, ಯಾವ ದಿನ ಸಿಗುತ್ತಾರೆ ಅಂತ ಗೊತ್ತಿಲ್ಲದವರು 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ಕೇಳಿ ನೋಡಿ. ನಮ್ಮ ಹಾಗೆ ದಾವಣಗೆರೆವರೆಗೂ ಹೋಗುವುದು ತಪ್ಪಬಹುದು.

ದಾವಣಗೆರೆಗೆ ಹೋಗಬೇಕಾದಾಗ ಸರ್ಕಾರಿ ಬಸ್ಸೇ ಹತ್ತುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ನನ್ನ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಕಡೆ ಖಾಸಗಿ ಬಸ್ಸು ಜಾಸ್ತಿ, ಅವಸರಕ್ಕೆ ಅದಕ್ಕೆ ಕೈ ಮಾಡಿದರೆ ಉಳಿಸಿದ್ದು ಹೋಯ್ತು.

ಗುಳಿಗೆಯಂತೆ ಟೆಸ್ಟಿಗೂ ಖರ್ಚಿದೆ. ಲಿಥಿಯಂ ತಗೊಳ್ಳುವವರು ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ಆಗಾಗ ನೋಡಿಸಲೇಬೇಕು. ರಾತ್ರಿ ಗುಳಿಗೆ ತಗೊಂಡು 12 ಗಂಟೆ ಆದ ಮೇಲೆ, ಬೆಳಗಿನದು ನುಂಗುವ ಮುಂಚೆ ರಕ್ತ ಕೊಡಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪು ಬಂದು ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ. ಲ್ಯಾಬಿಂದ ಲ್ಯಾಬಿಗೆ ರೇಟು ಬೇರೆ, ಫೋನ್ ಮಾಡಿ ಕೇಳಿಯೇ ಹೋಗುತ್ತೇನೆ. ಮೈಕೈ ನೋವು ಅಂತ ಸುಮ್ನೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಿಸಬೇಡಿ, ಲಿಥಿಯಂ ಮಟ್ಟ ಏರಿಬಿಡುತ್ತದೆ. ಬೇಸಿಗೆಯಲ್ಲಿ ಬೆವರಿ, ನೀರು ಕುಡಿಯದಿದ್ದರೂ ಹಾಗೇ.

ಮದುವೆ ಸೀಸನ್ನಿನಲ್ಲಿ ನನ್ನ ಕೈಯಲ್ಲಿ ದುಡ್ಡು ಆಡುತ್ತದೆ, ಆಷಾಢದಲ್ಲಿ ಮಷೀನಿಗೇ ರಜೆ. ಹಾಗಾಗಿ ಸೀಸನ್ನಿನಲ್ಲೇ ಟೆಸ್ಟಿನ ದುಡ್ಡು ಎತ್ತಿಟ್ಟು, ಒಂದಿಷ್ಟು ದಿನದ ಗುಳಿಗೆ ಮುಂಚೆಯೇ ತಂದಿಡುತ್ತೇನೆ. ಎಕ್ಸ್‌ಪೈರಿ ಹತ್ತಿರ ಇರುವ ಶೀಟು ಮೊದಲು ಖರ್ಚು. ಡಬ್ಬಿ ನನ್ನ ಬೀರುವಿನಲ್ಲಿ, ಬೀಗ ಹಾಕಿ. ಲಿಥಿಯಂ ಒಟ್ಟಿಗೆ ಜಾಸ್ತಿ ನುಂಗಿದರೆ ಜೀವಕ್ಕೇ ಅಪಾಯ. ಅವನ ಕೈಗೆ ಕೊಡುವುದು ಒಂದು ವಾರದ್ದು ಮಾತ್ರ.