ಕಂಬಳಕ್ಕೆ ಯಾವುದು, ಆಟಕ್ಕೆ ಯಾವುದು? ಹಳೆಯ ಎರಡು ಡಿಎಸ್‌ಎಲ್‌ಆರ್‌ಗಳನ್ನು ತೂಗಿ ನೋಡುವ ಬಗೆ

ಅಕ್ಕನ ಮಗ ಸುರತ್ಕಲ್‌ನಲ್ಲಿ ಓದುತ್ತಾನೆ. ಕಳೆದ ದೀಪಾವಳಿ ಹೊತ್ತಿಗೆ ಫೋನ್ ಮಾಡಿದ. "ಮಾಮ, ಸೆಕೆಂಡ್ ಹ್ಯಾಂಡ್ ಕ್ಯಾಮರಾ ಎರಡು ಉಂಟು. ಒಂದು ಕ್ಯಾನನ್ 1200ಡಿ, ಇನ್ನೊಂದು ನಿಕಾನ್ ಡಿ3300. ಯಾವುದು ತೆಗೊಳ್ಳುವುದು?"

"ಎಂತದರ ಫೋಟೊ ತೆಗೆಯಲಿಕ್ಕೆ ಮಾರಾಯ?"

"ಎಲ್ಲದರದ್ದೂ."

ಈ 'ಎಲ್ಲದರದ್ದೂ' ಎನ್ನುವ ಉತ್ತರದಿಂದಲೇ ಹೆಚ್ಚಿನವರು ಹಾದಿ ತಪ್ಪುವುದು. ಎರಡೂ 2014ರಲ್ಲಿ ಬಂದ ಕ್ಯಾಮರಾಗಳು. ಎರಡೂ ಹೊಸಬರಿಗೆಂದೇ ಮಾಡಿದವು. ಮದುವೆ ಮನೆಯ ಹೊರಗೆ ಹಗಲು ಬೆಳಕಿನಲ್ಲಿ ಒಂದೊಂದು ಫೋಟೊ ತೆಗೆದು ಮೊಬೈಲಿಗೆ ಹಾಕಿ ತೋರಿಸಿದರೆ, ಯಾವುದು ಯಾವುದರದ್ದು ಎಂದು ನನಗೂ ಹೇಳಲಿಕ್ಕೆ ಬರುವುದಿಲ್ಲ. ವ್ಯತ್ಯಾಸ ಕಾಣುವುದು ಕಷ್ಟದ ಜಾಗದಲ್ಲಿ. ನಮ್ಮ ಕರಾವಳಿಯಲ್ಲಿ ಅಂಥ ಜಾಗಕ್ಕೆ ಬರ ಇಲ್ಲ.

ಮೊದಲು ಮೂರು ಫೋಟೊ ಬರೆದುಕೊಳ್ಳಿ

ಒಂದು ಚೀಟಿಯಲ್ಲಿ, ಬರುವ ಒಂದು ವರ್ಷದಲ್ಲಿ ನೀವು ನಿಜವಾಗಿಯೂ ತೆಗೆಯಲಿರುವ ಮೂರು ಫೋಟೊ ಯಾವುವು ಎಂದು ಬರೆಯಿರಿ. 'ಪ್ರಕೃತಿ' ಎಂದು ಬರೆದರೆ ಆಗಲಿಲ್ಲ. 'ಕಾಪು ದೀಪಸ್ತಂಭದ ಹತ್ತಿರ ಸೂರ್ಯ ಮುಳುಗುವಾಗ' ಎಂದು ಬರೆಯಬೇಕು. ಅಕ್ಕನ ಮಗನ ಚೀಟಿಯಲ್ಲಿ ಕೊನೆಗೆ ಉಳಿದದ್ದು ಕಂಬಳ, ಯಕ್ಷಗಾನ (ನಮ್ಮ ಕಡೆ 'ಆಟ' ಎನ್ನುವುದು ಇದನ್ನೇ), ಮಲ್ಪೆ ಕಡಲು. ಹೆಚ್ಚುಕಡಿಮೆ ನಮ್ಮೂರಿನ ಎಲ್ಲ ಹುಡುಗರ ಚೀಟಿಯೂ ಇದೇ.

ಅಂಕಿಗಳನ್ನು ಒಮ್ಮೆ ನೋಡಿ ಪಕ್ಕಕ್ಕಿಡಿ

ಕ್ಯಾನನ್‌ನದ್ದು 18 ಮೆಗಾಪಿಕ್ಸೆಲ್, ನಿಕಾನ್‌ನದ್ದು 24. ಅಂಗಡಿಯವರು ಮೊದಲು ಹೇಳುವುದು ಇದನ್ನೇ. ಆದರೆ ಚಿತ್ರದ ಉದ್ದ ನೋಡಿ: ಒಂದು 5184 ಪಿಕ್ಸೆಲ್, ಇನ್ನೊಂದು 6000. ಆರರಲ್ಲಿ ಒಂದು ಪಾಲಿನಷ್ಟೂ ಜಾಸ್ತಿ ಇಲ್ಲ. ಎ3 ಅಳತೆಗೆ ಪ್ರಿಂಟ್ ಹಾಕಿಸಲು ಎರಡೂ ಸಾಕು.

ಲೆಕ್ಕಕ್ಕೆ ಬರುವ ಅಂಕಿಗಳು ಬೇರೆ. ಒಂದು ಸೆಕೆಂಡಿಗೆ ಕ್ಯಾನನ್ 3 ಫೋಟೊ ತೆಗೆಯುತ್ತದೆ, ನಿಕಾನ್ 5. ಫೋಕಸ್ ಬಿಂದುಗಳು ಅದರಲ್ಲಿ 9, ಇದರಲ್ಲಿ 11. ಎರಡರಲ್ಲೂ ನಂಬಲಿಕ್ಕೆ ಆಗುವ ಬಿಂದು ನಡುವಿನದ್ದು ಒಂದೇ. ಬ್ಯಾಟರಿ ಒಮ್ಮೆ ತುಂಬಿದರೆ ಕಂಪನಿ ಲೆಕ್ಕದಲ್ಲಿ ಕ್ಯಾನನ್‌ಗೆ ಸುಮಾರು 500 ಫೋಟೊ, ನಿಕಾನ್‌ಗೆ 700. ಎರಡರಲ್ಲೂ ವೈಫೈ ಇಲ್ಲ. ಫೋಟೊ ತೆಗೆದ ಕೂಡಲೇ ಸ್ಟೇಟಸ್ ಹಾಕಬೇಕೆನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ಕಂಬಳ: ಲೆಕ್ಕ ಹಾಕಿ ನೋಡಿ

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿ ದೇಶಕ್ಕೆಲ್ಲ ಸುದ್ದಿಯಾದದ್ದು ನೆನಪಿರಬಹುದು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ. ಕ್ಯಾನನ್‌ನಲ್ಲಿ ಬಟನ್ ಒತ್ತಿ ಹಿಡಿದರೆ ಒಂದು ಫೋಟೊಗೂ ಇನ್ನೊಂದಕ್ಕೂ ನಡುವೆ ಕೋಣಗಳು ಮೂರೂವರೆ ಮೀಟರ್ ಮುಂದೆ ಹೋಗಿರುತ್ತವೆ. ನಿಕಾನ್‌ನಲ್ಲಿ ಎರಡು ಮೀಟರ್. ಕೋಣದ ನಾಲ್ಕೂ ಕಾಲು ನೀರಿನಿಂದ ಮೇಲೆದ್ದು, ಓಡಿಸುವವನ ಮೈ ಹಿಂದಕ್ಕೆ ಬಾಗಿ, ಬೆತ್ತ ಗಾಳಿಯಲ್ಲಿರುವ ಆ ಗಳಿಗೆ ಈ ಎರಡು ಮೀಟರಿನೊಳಗೆ ಸಿಗುವ ಸಾಧ್ಯತೆ ಹೆಚ್ಚು. ವೇಗವೇ ಗೆಲ್ಲುವ ಹಗ್ಗ, ನೇಗಿಲು ವಿಭಾಗಕ್ಕೆ ನನ್ನ ಓಟು ನಿಕಾನ್‌ಗೆ.

ಹಲಗೆಯ ಮೇಲೆ ನಿಂತು ಓಡಿಸಿ ನೀರನ್ನು ಮೇಲಕ್ಕೆ ಚಿಮ್ಮಿಸುವ ಕನೆಹಲಗೆ ವಿಭಾಗದ ಕತೆ ಬೇರೆ. ಅಲ್ಲಿ ನೀರು ಎಲ್ಲಿಗೆ ಚಿಮ್ಮಬೇಕು ಎನ್ನುವುದು ಮೊದಲೇ ಗೊತ್ತು. 6.5 ಕೋಲು, 7.5 ಕೋಲು (ಕೋಲು ಎಂದರೆ ಹಳೆಯ ಅಳತೆ) ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ. ಅದರ ಕೆಳಗಿನ ಜಾಗಕ್ಕೆ ಮೊದಲೇ ಫೋಕಸ್ ಮಾಡಿ, ಲೆನ್ಸಿನ ಗುಂಡಿಯನ್ನು ಕೈ ಫೋಕಸ್, ಅಂದರೆ ಎಂಎಫ್‌ಗೆ ತಳ್ಳಿ ಕಾದು ಕೂತರೆ ಒಂದೇ ಕ್ಲಿಕ್ಕಿನಲ್ಲಿ ಕೆಲಸ ಆಗುತ್ತದೆ. ಕ್ಯಾನನ್ ಕೂಡ ಇಲ್ಲಿ ಸೋಲುವುದಿಲ್ಲ. ನನ್ನದು ಅದೇ ಕ್ಯಾಮರಾ. ನನಗೆ ಸಿಕ್ಕಿದ ಒಳ್ಳೆಯ ಕಂಬಳದ ಫೋಟೊಗಳೆಲ್ಲ ಕನೆಹಲಗೆಯವೇ ಯಾಕೆ ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಎರಡರಲ್ಲೂ ಮಾಡಬೇಕಾದದ್ದು: ಶಟರ್ 1/1000 (ಸೆಕೆಂಡಿನ ಸಾವಿರದಲ್ಲೊಂದು ಪಾಲು), ಓಡುವುದನ್ನು ಬೆನ್ನಟ್ಟುವ ಫೋಕಸ್ ಕ್ಯಾನನ್‌ನಲ್ಲಿ ಎಐ ಸರ್ವೊ, ನಿಕಾನ್‌ನಲ್ಲಿ ಎಎಫ್-ಸಿ, ನಡುವಿನ ಬಿಂದು ಮಾತ್ರ. ನೀರಿನ ಒಂದೊಂದು ಹನಿಯೂ ಮಣಿಯ ಹಾಗೆ ನಿಲ್ಲಬೇಕಾದರೆ ಇಷ್ಟು ವೇಗ ಬೇಕೇ ಬೇಕು. ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ನಿಲ್ಲುವವರು ಲೆನ್ಸಿಗೆ ಒಂದು ಯುವಿ ಫಿಲ್ಟರ್ ಹಾಕಿಕೊಳ್ಳಿ. ಕೆಸರು ಒರೆಸುವಾಗ ಗೀರು ಬೀಳುವುದಾದರೆ ಫಿಲ್ಟರಿಗೆ ಬೀಳಲಿ. ರಾತ್ರಿ ಓಟಕ್ಕೆ ಮಾತ್ರ ಕ್ಯಾಮರಾ ಜತೆಗೇ ಬರುವ ಕಿಟ್ ಲೆನ್ಸ್ ಸಾಲುವುದಿಲ್ಲ, ಎರಡರಲ್ಲೂ.

ಆಟಕ್ಕೆ ಹೋಗುವವರು ಲೆನ್ಸಿನಿಂದ ಶುರು ಮಾಡಿ

ಯಕ್ಷಗಾನದಲ್ಲಿ ಕ್ಯಾಮರಾಗಿಂತ ಲೆನ್ಸ್ ದೊಡ್ಡದು. ಕಿಟ್ಟಿನ 18-55 ಲೆನ್ಸ್ ಜೂಮ್ ಮಾಡಿದಾಗ ಎಫ್/5.6 ಆಗುತ್ತದೆ (ಈ ಅಂಕಿ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ). ಎಫ್/1.8ರ ಲೆನ್ಸ್ ಅದರ ಹತ್ತರಷ್ಟು ಬೆಳಕು ಬಿಡುತ್ತದೆ. ಐಎಸ್‌ಒ (ಕ್ಯಾಮರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಎಷ್ಟು ಏರಿಸಿದರೂ ಈ ಹತ್ತು ಪಟ್ಟಿನ ಅಂತರವನ್ನು ಚೆಂದವಾಗಿ ತುಂಬಲು ಈ ಎರಡೂ ಕ್ಯಾಮರಾದಿಂದ ಆಗದು.

ಇಲ್ಲಿ ಕ್ಯಾನನ್‌ನವರಿಗೆ ಸುಖ. 50 ಎಂಎಂ ಎಫ್/1.8 ಎಸ್‌ಟಿಎಂ ಎನ್ನುವ ಪುಟ್ಟ ಲೆನ್ಸ್ ಸಿಗುತ್ತದೆ. ಅದರ ಹಿಂದಿನ ಹಳೆಯ 50 ಎಂಎಂ 'ಇಎಫ್' ಲೆನ್ಸುಗಳೂ 1200ಡಿಯಲ್ಲಿ ತಾವಾಗಿಯೇ ಫೋಕಸ್ ಮಾಡುತ್ತವೆ, ಯಾಕೆಂದರೆ ಆ ಜಾತಿಯ ಲೆನ್ಸುಗಳೊಳಗೇ ಮೋಟರ್ ಉಂಟು. ನಿಕಾನ್ ಡಿ3300ರ ಒಳಗೆ ಫೋಕಸ್ ಮೋಟರ್ ಇಲ್ಲ. ಆದ್ದರಿಂದ ಲೆನ್ಸಿನ ಮೇಲೆ 'ಎಎಫ್-ಎಸ್' ಎಂದು ಬರೆದಿರಬೇಕು. 'ಎಎಫ್-ಪಿ' ಆದರೂ ಆಗುತ್ತದೆ, ಆದರೆ ಕ್ಯಾಮರಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಾಗಿರಬೇಕು. ಬರೇ 'ಎಎಫ್' ಎಂದಿದ್ದು ಕೊನೆಗೆ 'ಡಿ' ಇದ್ದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಅಕ್ಕನ ಮಗನಿಗೆ ಮಾರುವವರು "ಜತೆಗೆ 50 ಎಂಎಂ ಲೆನ್ಸ್ ಕಡಿಮೆಗೆ ಕೊಡುತ್ತೇನೆ" ಎಂದಿದ್ದರು. ತೆಗೆದು ನೋಡಿದರೆ ಅದೇ ಡಿ! ಧೀಂಗಿಣ ಹೊಡೆಯುತ್ತಿರುವ (ಸುತ್ತುತ್ತಾ ಹಾರಿ ಕುಣಿಯುವ) ವೇಷಕ್ಕೆ ಕೈಯಲ್ಲಿ ಫೋಕಸ್ ಮಾಡುವುದೆಂದರೆ, ಆಗದ ಮಾತೇನಲ್ಲ, ಆದರೆ ಹೊಸಬರಿಗೆ ಬೇಡ. ನಿಕಾನ್ ತೆಗೆದುಕೊಳ್ಳುವುದಾದರೆ 35 ಎಂಎಂ ಎಫ್/1.8 ಜಿ ಅಥವಾ 50 ಎಂಎಂ ಎಫ್/1.8 ಜಿ ಕೇಳಿ. ರಂಗಸ್ಥಳದ ಬುಡದಲ್ಲೇ ಕೂರುವವರಿಗೆ 35, ನಾಲ್ಕು ಸಾಲು ಹಿಂದೆ ಕೂರುವವರಿಗೆ 50.

ಕತ್ತಲೆಯ ಭಾಗದಲ್ಲಿ ಮಾತ್ರ ನಿಕಾನ್‌ನ ಸೆನ್ಸರ್ ಮೇಲು. ಐಎಸ್‌ಒ 3200ರಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಕಪ್ಪು ಜಾಗವನ್ನು ಸ್ವಲ್ಪ ಬೆಳಗಿಸಿದರೆ, ಕ್ಯಾನನ್‌ನಲ್ಲಿ ಅಡ್ಡಡ್ಡ ಗೆರೆಗಳು, ಬಣ್ಣದ ಮರಳು ಏಳುತ್ತದೆ. ನಿಕಾನ್‌ನಲ್ಲಿ ಅಷ್ಟಿಲ್ಲ. ಬಣ್ಣದ ವೇಷದ ಕಪ್ಪು ಗಡ್ಡ-ಮೀಸೆಯ ಎಳೆ ಉಳಿಯಬೇಕೆಂದರೆ ಇದು ಸಣ್ಣ ವಿಷಯ ಅಲ್ಲ.

ಇನ್ನು ಎರಡು ಮಾತು. ಈಗ ಎಲ್ಲ ಕಡೆ ಎಲ್‌ಇಡಿ ದೀಪ. ನಮ್ಮ ಕರೆಂಟು 50 ಹರ್ಟ್ಸ್‌ನದ್ದಾದ್ದರಿಂದ ಕೆಲವು ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋಟೊದಲ್ಲಿ ಅಡ್ಡ ಪಟ್ಟಿ ಕಂಡರೆ ಶಟರನ್ನು 1/100ಕ್ಕೆ ಇಳಿಸಿ, ಭಾಗವತರ, ಮದ್ದಳೆಯವರ ಫೋಟೊ ತೆಗೆಯಿರಿ. ಕುಣಿತಕ್ಕೆ 1/250ಕ್ಕಿಂತ ಕಡಿಮೆ ಬೇಡ, ಪಟ್ಟಿ ಬಂದರೆ ಬರಲಿ. ಎರಡನೆಯದು, ನಿಕಾನ್‌ನ ಮುಂಭಾಗದಲ್ಲಿ ಕತ್ತಲಲ್ಲಿ ಫೋಕಸಿಗೆಂದು ಹೊತ್ತುವ ಪುಟ್ಟ ದೀಪ ಉಂಟು. ಮೆನುವಿನಲ್ಲಿ ಅದನ್ನು ಆಫ್ ಮಾಡಿಯೇ ಆಟಕ್ಕೆ ಹೋಗಿ. ಕ್ಯಾನನ್‌ನಲ್ಲಿ ಆ ಕೆಲಸವನ್ನು ಫ್ಲಾಶ್ ಪಟಪಟ ಹೊಡೆದು ಮಾಡುತ್ತದೆ, ಅದನ್ನು ಏಳಲಿಕ್ಕೇ ಬಿಡಬೇಡಿ. ವೇಷಧಾರಿಯ ಕಣ್ಣಿಗೆ ಬೆಳಕು ಹೊಡೆದು ಚೌಕಿಯಿಂದ (ಬಣ್ಣ ಹಚ್ಚುವ ಕೋಣೆ) ಬೈಸಿಕೊಂಡವರನ್ನು ನೋಡಿದ್ದೇನೆ.

ಕಡಲು, ಗರುಡ, ವಿಡಿಯೊ

ಮಲ್ಪೆಯಲ್ಲಾಗಲಿ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳ ಮೇಲಾಗಲಿ, ಸಂಜೆ ಸೂರ್ಯ ಎದುರಿಗೇ ಇರುತ್ತಾನೆ. ಆಕಾಶ ಸರಿ ಬಂದರೆ ಬಂಡೆ ಕಪ್ಪು, ಬಂಡೆ ಸರಿ ಬಂದರೆ ಆಕಾಶ ಬಿಳಿ. ನಿಕಾನ್‌ನಲ್ಲಿ ರಾ ಫೈಲ್ (ಕ್ಯಾಮರಾ ತಿದ್ದದೆ ಉಳಿಸುವ ಮೂಲ ಚಿತ್ರ) ತೆಗೆದರೆ ಒಂದೇ ಫೋಟೊದಲ್ಲಿ ಎರಡನ್ನೂ ಬಹುಪಾಲು ಉಳಿಸಿಕೊಳ್ಳಬಹುದು. ಕ್ಯಾನನ್‌ನಲ್ಲಿ ಅಷ್ಟು ಆಗುವುದಿಲ್ಲ, ಆದರೆ ಬೇರೆ ಬೆಳಕಿನಲ್ಲಿ ಮೂರು ಫೋಟೊ ತಾನಾಗಿಯೇ ತೆಗೆಯುವ ಬ್ರಾಕೆಟಿಂಗ್ ಅದರಲ್ಲಿದೆ. ಡಿ3300ರಲ್ಲಿ ಅದು ಇಲ್ಲ. ಟ್ರೈಪಾಡ್ ಹೊತ್ತುಕೊಂಡು ಹೋಗುವವರಿಗೆ ಕ್ಯಾನನ್ ಸಾಕು. ದೋಣಿ ಇಳಿದು ಹತ್ತಿ ಓಡಾಡುವವರಿಗೆ ನಿಕಾನ್.

ಮೀನುಗಾರಿಕೆ ಧಕ್ಕೆಯ (ದೋಣಿ ನಿಲ್ಲುವ ಕಟ್ಟೆ) ಮೇಲೆ ಸುತ್ತುವ ಗರುಡಗಳಿಗೆ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ ಬಹಳ ಒಳ್ಳೆಯದು. ಆ ಲೆನ್ಸ್ ಸಿಗುವುದಾದರೆ ಕ್ಯಾನನ್ ತೆಗೆದುಕೊಳ್ಳಿ ಎನ್ನುತ್ತೇನೆ, ಸೆಕೆಂಡಿಗೆ ಮೂರೇ ಫೋಟೊ ಆದರೂ.

ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವವರಿಗೆ ಇಲ್ಲಿ ಯೋಚನೆಯೇ ಬೇಡ. ನಿಕಾನ್‌ನಲ್ಲಿ ಹೊರಗಿನ ಮೈಕ್ ಚುಚ್ಚಲು ತೂತು ಉಂಟು, ಪೂರ್ತಿ ಎಚ್‌ಡಿಯಲ್ಲಿ ಸೆಕೆಂಡಿಗೆ 60 ಫ್ರೇಮ್ ಬರುತ್ತದೆ. ಕ್ಯಾನನ್‌ನಲ್ಲಿ ಮೈಕ್ ಜಾಕ್ ಇಲ್ಲ, 30 ಫ್ರೇಮೇ ಗರಿಷ್ಠ. ಹೊಸದು ಒಳ್ಳೆಯದೆಂದು 2016ರ ಡಿ3400 ಕೊಳ್ಳಲು ಹೋಗಬೇಡಿ, ಅದರಲ್ಲಿ ನಿಕಾನ್‌ನವರು ಮೈಕ್ ಜಾಕನ್ನೇ ತೆಗೆದುಹಾಕಿದ್ದಾರೆ.

ಕೈಗೆ ಸಿಕ್ಕಿದ ಮೇಲೆ

ಕರಾವಳಿಯಲ್ಲಿ ಹಳೆಯ ಕ್ಯಾಮರಾದ ಮೊದಲ ಶತ್ರು ಬೂಸ್ಟು. ಲೆನ್ಸ್ ಕಳಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ನಾಲ್ಕಾರು ಇದ್ದರೆ ಪರವಾಗಿಲ್ಲ. ಜೇಡನ ಬಲೆಯಂಥ ಎಳೆ, ಹತ್ತಿಯ ನವಿರಿನಂಥ ಬಿಳಿ ಕವಲು ಕಂಡರೆ ಅದು ಫಂಗಸ್. ಕಡಿಮೆಗೆ ಕೊಟ್ಟರೂ ಬೇಡ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ. ಆಮೇಲೆ ಬ್ಯಾಟರಿಯ ಬಾಗಿಲು ತೆಗೆದು ಒಳಗಿನ ಲೋಹದ ಪಟ್ಟಿಗಳನ್ನು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಆ ಕ್ಯಾಮರಾ ಕಡಲ ಬದಿಯಲ್ಲಿ ಜಾಸ್ತಿ ಓಡಾಡಿದೆ ಎಂದು ಅರ್ಥ.

ನಂತರ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ. ಎಫ್/22ರಲ್ಲಿ ಬಿಳಿ ಆಕಾಶದ ಒಂದು ಫೋಟೊ ತೆಗೆದರೆ ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸಿನ ಮುಚ್ಚಳ ಹಾಕಿಯೇ 10 ಸೆಕೆಂಡಿನ ಇನ್ನೊಂದು ತೆಗೆಯಿರಿ. ಕೆಂಪು, ಬಿಳಿ ಚುಕ್ಕೆ ತುಂಬ ಕಂಡರೆ ಪಿಕ್ಸೆಲ್ ಹಾಳಾಗಿದೆ. ಶಟರ್ ಎಷ್ಟು ಸಲ ಓಡಿದೆ ಎನ್ನುವುದು ನಿಕಾನ್‌ನಲ್ಲಿ ಫೋಟೊ ಫೈಲಿನೊಳಗೇ ಬರೆದಿರುತ್ತದೆ. ಕ್ಯಾನನ್‌ನಲ್ಲಿ ಅದನ್ನು ತಿಳಿಯಲು ಕಂಪ್ಯೂಟರಿಗೆ ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್ ಓಡಿಸಬೇಕು.

ಎರಡೂ ಒಟ್ಟಿಗೆ ಸಿಕ್ಕಿದರೆ ಒಂದೇ ಕಿಟಕಿಯ ಮುಂದೆ, ಒಂದೇ ಶಟರ್, ಒಂದೇ ಅಪರ್ಚರ್ (ಎಫ್ ಅಂಕಿ), ಐಎಸ್‌ಒ 3200 ಇಟ್ಟು ಒಂದೊಂದು ರಾ ಫೋಟೊ ತೆಗೆಯಿರಿ. ಮನೆಗೆ ಬಂದು ಎರಡನ್ನೂ ಒಂದೇ ಅಳತೆಗೆ ಇಳಿಸಿ ನೋಡಿ. ಪೂರ್ತಿ ಹಿಗ್ಗಿಸಿ ಹೋಲಿಸಿದರೆ 24 ಮೆಗಾಪಿಕ್ಸೆಲ್‌ನದ್ದು ಸುಮ್ನೆ ಜಾಸ್ತಿ ಮರಳು ಮರಳಾಗಿ ಕಾಣುತ್ತದೆ.

ಡಿ3300ರ ಕಿಟ್ ಲೆನ್ಸ್ ಮಡಚುವ ಜಾತಿಯದ್ದು. ಬದಿಯ ಗುಂಡಿ ಒತ್ತಿ ತಿರುಗಿಸಿ ಬಿಚ್ಚುವವರೆಗೆ ಫೋಟೊ ತೆಗೆಯುವುದಿಲ್ಲ. ಅಂಗಡಿಯಲ್ಲಿ ಇದು ಗೊತ್ತಿಲ್ಲದೆ "ಕೆಟ್ಟಿದೆ" ಎಂದು ವಾಪಸ್ ಕೊಟ್ಟವರುಂಟು. ನಮ್ಮ ಹುಡುಗನೂ ಅವರಲ್ಲೊಬ್ಬ. ನಾನು ಹೇಳಿದ ಮೇಲೆ ಮತ್ತೆ ಹೋಗಿ ಅದನ್ನೇ ತಂದ, 35 ಎಂಎಂ ಜಿ ಲೆನ್ಸಿನ ಜತೆ.

ಜೂನ್ ಬರುವ ಮೊದಲು

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಸಣ್ಣದೊಂದು ತೇವಮಾಪಕ. ಮುಳ್ಳು 40-50ರ ನಡುವೆ ಇರಲಿ. ಚರ್ಮದ ಚೀಲ, ಗೋದ್ರೇಜ್ ಕಪಾಟು ಎರಡೂ ಬೇಡ. ಮಳೆಗಾಲದಲ್ಲಿ ಬಟ್ಟೆಗೇ ಬೂಸ್ಟು ಬರುವಾಗ ಲೆನ್ಸ್ ಬಿಡುತ್ತದಾ? ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆಯಿರಿ. ನೀಲಿ ಹರಳು ನಸುಗೆಂಪಾದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಅದಕ್ಕೆಂದೇ ಹಳೆಯ ಬಾಣಲೆಯೊಂದನ್ನು ಬೇರೆ ಇಡಿ. ಅಕ್ಕನ ಮಗ ನೀರುದೋಸೆಯ ಕಾವಲಿಯಲ್ಲಿ ಹುರಿದಿದ್ದಾನೆ. ಆ ಕಾವಲಿ ಈಗ ಅವನ ಕ್ಯಾಮರಾ ಡಬ್ಬದ ಪಕ್ಕದಲ್ಲೇ ಉಂಟು, ಅಕ್ಕ ಅಡುಗೆಮನೆಗೆ ಹೊಸದು ತಂದಿದ್ದಾಳೆ.