ಡಿವಿಡಿ–ಹಾರ್ಡ್ ಡಿಸ್ಕ್ ರೆಕಾರ್ಡರ್: ಕೊಳ್ಳುವಾಗ, ಜೋಡಿಸುವಾಗ

ಟಿವಿ ಕಾರ್ಯಕ್ರಮಗಳನ್ನು ಒಳಗಿನ ಹಾರ್ಡ್ ಡಿಸ್ಕಿಗೂ ಡಿವಿಡಿಗೂ ರೆಕಾರ್ಡ್ ಮಾಡುವ ಈ ಯಂತ್ರ ಹೊಸದು ಸಿಗುವುದು ಅಪರೂಪ, ಸೆಕೆಂಡ್ ಹ್ಯಾಂಡೇ ಗತಿ. ಮೊದಲು ಯಂತ್ರದ ಬೆನ್ನು ತಿರುಗಿಸಿ ವೋಲ್ಟೇಜ್ ಓದಿ. ಜಪಾನಿನದು 100, ಅಮೆರಿಕದ್ದು 120 ವೋಲ್ಟಿನದಾದರೆ ನಮ್ಮ 230ರ ಪ್ಲಗ್ಗಿಗೆ ನೇರ ಹಾಕಿದ ಕೂಡಲೇ ಪವರ್ ಸಪ್ಲೈ ಢಮಾರ್. ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಸಿಗ್ನಲ್ ರೆಕಾರ್ಡ್ ಮಾಡುತ್ತದೆಯೇ ಎಂದೂ ಕೇಳಿ.

ಹಣ ಕೊಡುವ ಮುನ್ನ ಹತ್ತು ನಿಮಿಷ ಹಾರ್ಡ್ ಡಿಸ್ಕಿಗೆ ರೆಕಾರ್ಡ್ ಮಾಡಿಸಿ. ಒಳಗೆ ಕಟಕಟ ಸದ್ದಾದರೆ ಬೇಡ. ಖಾಲಿ ಡಿವಿಡಿಯೊಂದನ್ನು ಬರೆಸಿಯೂ ನೋಡಿ: ಲೇಸರ್ ಸವೆದ ಯಂತ್ರ ಡಿಸ್ಕ್ ಚೆನ್ನಾಗಿಯೇ ಓದುತ್ತದೆ, ಬರೆಯುವಾಗ ಕೈಕೊಡುತ್ತದೆ.

ಹಳೆಯ ಅನಲಾಗ್ ಸಿಗ್ನಲ್ ಮಾತ್ರ ಹಿಡಿಯುವ ಒಳಗಿನ ಟ್ಯೂನರ್ ನೆಚ್ಚಬೇಡಿ. ಬೆಂಗಳೂರು, ಮೈಸೂರಿನ ಕೇಬಲ್ 2013ರಲ್ಲೇ ಡಿಜಿಟಲ್ ಆಯಿತು. ಸೆಟ್ ಟಾಪ್ ಬಾಕ್ಸಿನ ಎವಿ ಔಟ್‌ನಿಂದ ಹಳದಿ, ಬಿಳಿ, ಕೆಂಪು ವೈರುಗಳನ್ನು ರೆಕಾರ್ಡರಿನ 'ಇನ್'ಗೆ ಸೇರಿಸಿ. ರೆಕಾರ್ಡರಿನ 'ಔಟ್' ಟಿವಿಗೆ. ಎಚ್‌ಡಿಎಂಐ ಇದ್ದರೂ ಅದು ಹೊರಹೋಗುವ ದಾರಿ ಮಾತ್ರ, ಅದರಿಂದ ರೆಕಾರ್ಡ್ ಆಗದು. ರಿಮೋಟಿನಲ್ಲಿ ಎಲ್1 ಅಥವಾ ಎಲ್2 (ವೈರು ಹಾಕಿದ 'ಇನ್'ನ ಹೆಸರು) ಆರಿಸಿ.

ಬಾಕ್ಸಿನಲ್ಲಿ ಮೂರು ತೂತಿನ ಬದಲು 3.5 ಎಂಎಂ ಜ್ಯಾಕ್ (ಇಯರ್‌ಫೋನಿನಂಥ ಒಂದೇ ತೂತು) ಇದ್ದರೆ ಗೊಂದಲ ಇಲ್ಲೇ. ಎಲ್ಲ ಕೇಬಲ್‌ಗಳ ಒಳಜೋಡಣೆ ಒಂದೇ ಅಲ್ಲ. ಚಿತ್ರ ಬರದೆ 'ಗುರ್' ಎಂದರೆ ಹಳದಿ, ಕೆಂಪು ಪಿನ್ ಅದಲುಬದಲು ಮಾಡಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

4.7 ಜಿಬಿ ಡಿಸ್ಕಿಗೆ ಎಸ್‌ಪಿ (ಮಾಮೂಲಿ ಗುಣಮಟ್ಟ) ಮೋಡಿನಲ್ಲಿ 2 ಗಂಟೆ, ಎಲ್‌ಪಿಯಲ್ಲಿ (ಹೆಚ್ಚು ಹೊತ್ತು, ಕಡಿಮೆ ಗುಣಮಟ್ಟ) 4 ಗಂಟೆ ಹಿಡಿಯುತ್ತದೆ. ಎಲ್‌ಪಿಯಲ್ಲಿ ಕ್ರಿಕೆಟ್ ಚೆಂಡು ಮಸುಕು. ಕೊನೆಗೆ 'ಫೈನಲೈಸ್' (ಬರೆದು ಮುಗಿಸಿ ಡಿಸ್ಕ್ ಮುಚ್ಚುವ ಆಯ್ಕೆ) ಒತ್ತದಿದ್ದರೆ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡದು.