ಫಾರ್ಮ್ 900ಕ್ಕೆ ಸಹಿ ಹಾಕುವ ಮುಂಚೆ

ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣ, ತೆರಿಗೆ ಮನ್ನಾ ಆಯ್ತಂತಲ್ಲ, ಅತ್ತಿಗೆ ಹೇಳಿದ್ರು" ಅಂದ. ತಪ್ಪು ನನ್ನದೇ. 'ಟ್ಯಾಕ್ಸ್ ಕಲೆಕ್ಷನ್ ವೇವರ್' ಅಂತ ಇದ್ದ ಕಾಗದವನ್ನು ಊಟದ ಮೇಜಿನ ಮೇಲಿಟ್ಟು, ಹೆಂಡತಿಗೆ ನಾನೇ ಹಾಗೆ ಹೇಳಿದ್ದೆ. ಸಾಲ ಮನ್ನಾ, ಬಡ್ಡಿ ಮನ್ನಾ ಕೇಳಿ ಬೆಳೆದ ಕಿವಿಗೆ ವೇವರ್ ಅಂದರೆ ಮನ್ನಾ ಅಂತಲೇ ಕೇಳಿಸುತ್ತದೆ.

ಆದರೆ ಈ ಕಾಗದದಲ್ಲಿ ಬಿಟ್ಟುಕೊಡುವವರು ನಾವು. ಅಮೆರಿಕದಲ್ಲಿ ತೆರಿಗೆ ಬಾಕಿ ವಸೂಲಿಗೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ 10 ವರ್ಷದ ವಾಯಿದೆ ಇದೆ. ತೆರಿಗೆ ಅವರ ಲೆಕ್ಕಕ್ಕೆ ಏರಿದ ದಿನದಿಂದ ಎಣಿಕೆ ಶುರು. ವಾಯಿದೆ ಮುಗಿದರೆ ಉಳಿದ ಬಾಕಿ ಕೇಳುವ ಹಾಗಿಲ್ಲ. ಆ ವಾಯಿದೆಯನ್ನು ಮುಂದಕ್ಕೆ ಹಾಕಲು ನಾವು ಒಪ್ಪಿ ಕೊಡುವ ಪತ್ರವೇ ಫಾರ್ಮ್ 900. ಅಪ್ಪನ ಅಂಗಡಿಯಲ್ಲಿ ಪ್ರೋನೋಟಿಗೆ 3 ವರ್ಷ ತುಂಬುವ ಮುಂಚೆ ಹೊಸ ನೋಟು ಬರೆಸಿಕೊಳ್ಳುತ್ತಿದ್ದರು. ತಮ್ಮನಿಗೆ ಹಾಗೆ ಹೇಳಿದ ಕೂಡಲೇ ಅರ್ಥವಾಯಿತು.

ನ್ಯೂಜೆರ್ಸಿಯಲ್ಲಿ ನಾನು ಪಾಲುದಾರಿಕೆಯಲ್ಲಿ ಕೇಟರಿಂಗ್ ನಡೆಸುತ್ತಿದ್ದೆ. 2016ರಲ್ಲಿ ಮೂರು ತಿಂಗಳಿಗೊಮ್ಮೆ ಕಟ್ಟಬೇಕಾದ ಮುಂಗಡ ತೆರಿಗೆ ಕಟ್ಟಲಿಲ್ಲ. ಬಡ್ಡಿ, ದಂಡ ಸೇರಿ ಬಾಕಿ 61,000 ಡಾಲರ್ ದಾಟಿತು. ಮನೆ ಖರ್ಚು ಕಳೆದು ತಿಂಗಳಿಗೆ ಕೈಲಾಗುತ್ತಿದ್ದುದು 520 ಡಾಲರ್. 50,000 ಡಾಲರ್ ಒಳಗಿನ ಬಾಕಿಯನ್ನು ವಾಯಿದೆಯೊಳಗೆ ಪೂರ್ತಿ ತೀರಿಸುವವರಾದರೆ ಆನ್‌ಲೈನ್‌ನಲ್ಲೇ ಕಂತು ಮಾಡಿಕೊಳ್ಳಬಹುದು, ಈ ಫಾರ್ಮಿನ ಮಾತೇ ಬರುವುದಿಲ್ಲ. ನನ್ನದು ಹಾಗೆ ತೀರುವ ಬಾಕಿ ಅಲ್ಲ. ಪೂರ್ತಿ ತೀರದ ಬಾಕಿಗೆ ಕೊಡುವ 'ಪಾರ್ಷಿಯಲ್ ಪೇಮೆಂಟ್' ಕಂತು ಬೇಕಾಗಿತ್ತು. 2004ರ ಕಾನೂನಿನಿಂದ ಬಂದ ಅವಕಾಶ ಅದು.

ಮೊದಲು ವಾಯಿದೆ ಎಂದು ಮುಗಿಯುತ್ತದೆ ಅಂತ ನಾನೇ ಲೆಕ್ಕ ಹಾಕಿದೆ. ಇದೊಂದನ್ನು ಯಾರೂ ಬಿಡಬಾರದು. ಐಆರ್‌ಎಸ್ ಖಾತೆಯಿಂದ ನನ್ನ ಲೆಕ್ಕದ ವಿವರ ಇರುವ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ತೆಗೆದೆ. ತೆರಿಗೆ ಲೆಕ್ಕಕ್ಕೆ ಏರಿದ ದಿನ ತೋರಿಸುವ ಕೋಡ್ 150ರ ಎದುರು 2017ರ ನವೆಂಬರ್ 6 ಇತ್ತು. ಹಾಗಾದರೆ 2027ರ ನವೆಂಬರ್ 6 ಅಂದುಕೊಂಡೆ. ಕೆಳಗೆ ನೋಡಿದರೆ ಕೋಡ್ 480, ಆಮೇಲೆ 481. 2019ರಲ್ಲಿ ಕಡಿಮೆ ಮೊತ್ತಕ್ಕೆ ರಾಜಿ ಕೇಳಿ ಅರ್ಜಿ ಹಾಕಿದ್ದೆ, ಅದು ತಿರಸ್ಕಾರವಾಗಿತ್ತು. ಅರ್ಜಿ ಬಾಕಿ ಇದ್ದ 242 ದಿನ, ತಿರಸ್ಕಾರದ ನಂತರದ 30 ದಿನ ವಾಯಿದೆಯ ಗಡಿಯಾರ ನಿಂತಿತ್ತು. ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಇಟ್ಟು 272 ದಿನ ಎಣಿಸಿದಾಗ 2028ರ ಆಗಸ್ಟ್ 4 ಬಂತು. ಕಂತಿಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುವ ದಿನಗಳೂ ಹೀಗೇ ಸೇರುತ್ತವೆ. ಕಂತು ಒಪ್ಪಿಗೆಯಾಗಿ ನಡೆಯುತ್ತಿರುವಾಗ ಗಡಿಯಾರ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಒಂದೊಂದು ವರ್ಷದ ತೆರಿಗೆಗೂ ಬೇರೆ ಬೇರೆ ವಾಯಿದೆ.

ಹಾಗಾದರೆ ನನಗೆ ಫಾರ್ಮ್ 900 ಯಾಕೆ ಬಂತು? 1998ರ ಕಾನೂನು ಬಂದ ಮೇಲೆ ಸುಮ್ನೆ ಎಲ್ಲರಿಂದಲೂ ಇದನ್ನು ಬರೆಸಿಕೊಳ್ಳುವ ಹಾಗಿಲ್ಲ. ಕಂತು ಮಾಡುವ ಹೊತ್ತಿನಲ್ಲಿ, ಅದೂ ಪೂರ್ತಿ ತೀರದ ಕಂತಿನಲ್ಲಿ, ವಾಯಿದೆ ಮುಗಿದ ಮೇಲೆ ಕೈಗೆ ಬರುವ ಆಸ್ತಿ ಇದ್ದರೆ ಕೇಳುತ್ತಾರೆ. ನನ್ನ ಹೆಸರಿನ ಎಲ್‌ಐಸಿ ಪಾಲಿಸಿಯನ್ನು ಆದಾಯ, ಆಸ್ತಿ ವಿವರ ಕೊಡುವ ಫಾರ್ಮ್ 433-ಎಯಲ್ಲಿ ಬರೆದಿದ್ದೆ. ಮುಚ್ಚಿಡುವ ಯೋಚನೆಯನ್ನೇ ಮಾಡಬೇಡಿ. ಕೆಳಗೆ ಸಹಿ ಹಾಕುವುದು 'ಸುಳ್ಳು ಹೇಳಿದರೆ ಶಿಕ್ಷೆ' ಎಂಬ ಒಕ್ಕಣೆಗೆ. ಪಾಲಿಸಿಯನ್ನು ಈಗ ಸರೆಂಡರ್ ಮಾಡಿದರೆ ಸಿಗುವುದು ಕಡಿಮೆ, ಮುಗಿಯುವವರೆಗೆ ಕಾದರೆ ಜಾಸ್ತಿ.

ಫಾರ್ಮಿನಲ್ಲಿ ಟೈಪ್ ಆಗಿದ್ದ ಹೊಸ ಗಡುವು 2033ರ ಆಗಸ್ಟ್. ಐದು ವರ್ಷ! ತಮ್ಮನಿಗೆ, "ಅಮ್ಮನ ಬೀರುವಿನಿಂದ ಪಾಲಿಸಿ ಬಾಂಡ್ ತೆಗೆದು ಮುಗಿಯುವ ತಾರೀಖು ಓದೋ" ಅಂದೆ. 2030ರ ಜನವರಿ ಅಂದ. ಅದರ ಫೋಟೊ ತರಿಸಿಕೊಂಡು, ನನ್ನ ಪರವಾಗಿ ಮಾತಾಡುತ್ತಿದ್ದ ಎನ್‌ರೋಲ್ಡ್ ಏಜೆಂಟ್ ಮೂಲಕ ಒಂದು ಪುಟದ ಪತ್ರ ಕಳಿಸಿದೆ. ಪಾಲಿಸಿ ಹಣ ಬಂದು ಕಟ್ಟಲು 2030ರ ಜೂನ್ ಸಾಕು, ಅಲ್ಲಿಯವರೆಗಷ್ಟೇ ಒಪ್ಪುತ್ತೇನೆ ಅಂತ ಬರೆದಿದ್ದೆ. ಎರಡು ವಾರಕ್ಕೆ ಜೂನ್ 30ರ ತಾರೀಖು ಹಾಕಿದ ಹೊಸ ಫಾರ್ಮ್ ಬಂತು.

ಗಂಡ, ಹೆಂಡತಿ ಸೇರಿ ಸಲ್ಲಿಸಿದ ಜಂಟಿ ರಿಟರ್ನ್ ಆದ್ದರಿಂದ ಇಬ್ಬರೂ ಸಹಿ ಹಾಕಬೇಕು. "ರೀ, ಈ ಸಲ ನಾನು ಓದದೆ ಹಾಕಲ್ಲ" ಅಂದಳು. ತಾರೀಖು, ತೆರಿಗೆ ವರ್ಷ, ಮೊತ್ತ ಮೂರನ್ನೂ ಬೆರಳಿಟ್ಟು ಓದಿದಳು. ಆಮೇಲೆ ಸಹಿ ಮಾಡಿದಳು.

ಈಗ ತಿಂಗಳ 15ಕ್ಕೆ 520 ಡಾಲರ್ ಬ್ಯಾಂಕಿನಿಂದ ತಾನಾಗಿ ಹೋಗುತ್ತಿದೆ. ಬಡ್ಡಿ ನಿಂತಿಲ್ಲ. ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರಿಂದ ತೆರಿಗೆ ತಡವಾಗಿ ಕಟ್ಟುವುದಕ್ಕೆ ಹಾಕುವ ದಂಡ ತಿಂಗಳಿಗೆ ಶೇ. 0.5ರಿಂದ 0.25ಕ್ಕೆ ಇಳಿದಿದೆ. ಎರಡು ವರ್ಷಕ್ಕೊಮ್ಮೆ ಆದಾಯ, ಖರ್ಚು ಮತ್ತೆ ತೋರಿಸಬೇಕು. ಆ ಫೈಲಿನ ಮೊದಲ ಹಾಳೆಯಾಗಿ ಬಾಂಡಿನ ಪ್ರತಿ ಇಟ್ಟಿದ್ದೇನೆ.